ಸ್ವರ ಬಾಗಿಸುವ ಚಕ್ರ

"ಗಟ್ಟಿಮೇಳ! ಗಟ್ಟಿಮೇಳ!" ಎಂದು ಪುರೋಹಿತರು ಕೈಯೆತ್ತಿ ಕೂಗುವುದಕ್ಕೂ, ಚಾಮಯ್ಯ ಬಂದು ರೋಜಾಳ ಕೀಬೋರ್ಡಿಗೆ ಕೈಹಾಕುವುದಕ್ಕೂ ಸರಿಹೋಯಿತು. ವೈರು ಕೀಳಲು ಬಂದನೇ ಈ ಮುದುಕ ಎಂದು ಅವಳು ಒಂದು ಕೈಯಿಂದ ವೈರನ್ನು ಅದುಮಿ ಹಿಡಿದಳು.

ನಲವತ್ತು ವರ್ಷ ನಂಜನಗೂಡಿನ ಮದುವೆಗಳಲ್ಲಿ ನಾಗಸ್ವರ ಊದಿದವನು ಚಾಮಯ್ಯ. ಹೋದ ತಿಂಗಳು ಮುಂದಿನ ಹಲ್ಲುಗಳು ಉದುರಿ, ಇವತ್ತು ಸ್ವಂತ ಮೊಮ್ಮಗಳು ಶಾಂತಿಯ ಮದುವೆಗೇ ಊದಲಾಗದೆ ಕೂತಿದ್ದ. ಬೆಳಿಗ್ಗೆ, ಅವನ ಬದಲಿಗೆ ನುಡಿಸಲು ಬಂದಿದ್ದ ರೋಜಾ ಕೀಬೋರ್ಡಿನಲ್ಲಿ ನಾಗಸ್ವರದ ಟೋನ್ ಹಾಕಿ ನುಡಿಸಿದಾಗ ರೇಗಿದ್ದ: "ಸ್ವರ ಎಲ್ಲಾ ಮರಗಟ್ಟಿ ಕೂತವೆ ಕಣವ್ವ. ಇದ್ರಲ್ಲಿ ಗಮಕನೇ ಬರಾಕಿಲ್ವಾ?"

ಅವಳು ಎಡತುದಿಯ ಪುಟ್ಟ ಚಕ್ರ ತೋರಿಸಿದ್ದಳು. "ಇದು ಪಿಚ್ಚಿಂದು. ತಿರುಗ್ಸಿದ್ರೆ ಸ್ವರ ಬಾಗ್ತದೆ ತಾತ. ನಂಗೆ ಸರಿಯಾಗಿ ಬರಲ್ಲ." ಚಾಮಯ್ಯ ಎದ್ದುಹೋಗಿದ್ದ.

ಈಗ ಡೋಲು ಮೊಳಗುತ್ತಿತ್ತು. "ಬೆರಳು ನಿಲ್ಲಿಸ್ಬ್ಯಾಡ," ಎಂದು ಪಿಸುಗುಟ್ಟಿ ಚಾಮಯ್ಯ ಆ ಚಕ್ರದ ಮೇಲೆ ಹೆಬ್ಬೆರಳಿಟ್ಟ. ರೋಜಾ ಹೆದರಿಕೊಂಡೇ ಕೀ ಒತ್ತಿದಳು. ಮೊದಲ ಸ್ವರ ಅಪಸ್ವರವಾಗಿ ಜಾರಿತು; ತಾಳಿ ಹಿಡಿದಿದ್ದ ಮದುಮಗನ ಕೈ ಅಲ್ಲೇ ನಿಂತಿತು, ಜನ ತಿರುಗಿ ನೋಡಿದರು. ಮುದುಕ ಚಕ್ರವನ್ನು ಕೂದಲೆಳೆಯಷ್ಟು ಹಿಂದಕ್ಕೆ ತಂದ. ಎರಡನೆಯ ಸ್ವರ ನಡುಗಿತು, ತೂಗಿತು, ಮೆಲ್ಲಗೆ ಮೂರನೆಯದರೊಳಕ್ಕೆ ಇಳಿಯಿತು.

ತಾಳಿಗೆ ತಲೆ ತಗ್ಗಿಸಿದ್ದ ಶಾಂತಿ ಥಟ್ಟನೆ ಮುಖವೆತ್ತಿ ತಾತನನ್ನು ಹುಡುಕಿದಳು. ಹಲ್ಲಿಲ್ಲದ ಬಾಯಿ ಬಿಗಿದು, ಎರಡೂ ಕೆನ್ನೆ ಉಬ್ಬಿಸಿಕೊಂಡು, ತಾತ ಊದುತ್ತಿದ್ದ.