ಹನ್ನೆರಡನೆಯ ಚಿಪ್ಪು

ನಂದಾ ಹನ್ನೊಂದನೆಯ ಕೂಸನ್ನೂ ಬೇವಿನ ಗಿಡದ ಬುಡದಲ್ಲಿ ಹೂಳುತ್ತಿದ್ದಳು. ಅತ್ತೆ ಕಾಳವ್ವ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಸೊಸೆ ಮಣ್ಣು ಮುಚ್ಚಿ ಎದ್ದು ತನಗೆ ತಾನೇ ಹೇಳಿಕೊಂಡಳು:

"ಇದೂ ಉಸಿರಾಡಲಿಲ್ಲ."

ರಬ್ಬರಿನ ಕೂಸು, ನಿಜ. ಆದರೆ ಅದರ ಅಂಗೈಯಲ್ಲಿ ಗೆರೆಗಳಿದ್ದವು. ಕೈಕಾಲುಗಳಿಗೆ ಉಸುಕು ತುಂಬಿ, ತಕ್ಕಡಿಯಲ್ಲಿ ಎರಡೂವರೆ ಕಿಲೋ ತೂಗುವವರೆಗೆ ನಂದಾ ಬಿಡುತ್ತಿರಲಿಲ್ಲ. ಬಾಯಿ ತೆರೆದೇ ಇರುತ್ತಿತ್ತು. ಎದೆ ಮಾತ್ರ ಟೊಳ್ಳು. ಪ್ರತಿಯೊಂದನ್ನೂ ಮಲಗಿಸಿ, ಬಾಯಿಗೆ ಬಾಯಿಟ್ಟು, ಎದೆ ನೋಡುತ್ತಿದ್ದಳು. ಆಮೇಲೆ ಸಲಿಕೆ ತರುತ್ತಿದ್ದಳು. ಹೊರಗೆ ಎಸೆದರೆ ನಾಯಿಗಳು ಎಳೆದಾಡುತ್ತವಂತೆ.

ಹೋದ ವರ್ಷ ನಂದಾಳ ತವರು ಕಳ್ಳಕವಟಗಿಯಿಂದ ಹೊರಟ ಜೀಪು ತಿಕೋಟಾದ ಆಸ್ಪತ್ರೆ ಮುಟ್ಟುವ ಮೊದಲೇ ಅವಳಿಗೆ ಹೆರಿಗೆಯಾಗಿತ್ತು. ಕೂಸು ಬಂದದ್ದು ಕಾಳವ್ವನ ಮಡಿಲಿಗೆ. ಬೆನ್ನು ತಿಕ್ಕಿದಳು, ಅಂಗಾಲು ತಟ್ಟಿದಳು. ಅದು ಅಳಲಿಲ್ಲ. ಆ ಭಾರ ಇನ್ನೂ ತೊಡೆಯ ಮೇಲಿತ್ತು. ಸೊಸೆ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ಭೂತನಾಳ ರಸ್ತೆಯ ಈ ಮನೆಯ ಹಿಂದಿನ ಶೆಡ್ಡಿನಲ್ಲಿ ನಂದಾ ಮೊದಲು ಮೂರ್ತಿಗಳಿಗೆ ಅಚ್ಚು ಮಾಡುತ್ತಿದ್ದಳು. ಈಗ ಬರೀ ಕೂಸು. ಇಂಥವನ್ನು ಯಾರು ಒಯ್ಯುತ್ತಾರೆಂದು ಕಾಳವ್ವ ಒಮ್ಮೆ ಕೇಳಿದ್ದಳು.

"ಬೇಕಾದಾಕಿ ಬರ್ತಾಳ್ರಿ ಅತ್ತಿ. ಮೊದಲ ಇದು ಉಸಿರಾಡಲಿ."

ಕಾಳವ್ವ ಶೆಡ್ಡಿನ ಬಾಗಿಲೆಳೆದುಕೊಂಡು ಮನೆಯೊಳಗೆ ಬಂದಿದ್ದಳು.

ಹನ್ನೊಂದನೆಯದನ್ನು ಹೂತ ಸಂಜೆ ಮಗ ಅರುಣಕುಮಾರ ತಾಯಿಯೆದುರು ನಿಶ್ಚಯ ಹೇಳಿದ. ಇನ್ನೊಂದು ಕೂಸು ಮಣ್ಣಿಗೆ ಹೋದರೆ ಶೆಡ್ಡಿಗೆ ಬೀಗ ಹಾಕಿ, ನಂದಾಳನ್ನು ತವರಿಗೆ ಬಿಟ್ಟುಬರುತ್ತಾನೆ.

ಅಚ್ಚೇ ಇಲ್ಲದಿದ್ದರೆ ಹೂಳಲು ಕೂಸೂ ಇರುವುದಿಲ್ಲವಲ್ಲ? ಮರುದಿನ ಮಧ್ಯಾಹ್ನ ಕಾಳವ್ವ ಸೆರಗಿನಡಿ ಕುಟ್ಟಾಣಿಯ ಗುಂಡು ಹಿಡಿದು ಶೆಡ್ಡಿಗೆ ಹೋದಳು. ಮಾದರಿಗೆಂದು ಮಾಡಿದ ಮೇಣದ ಕೂಸಿನ ಮೇಲೆ ಸಿಲಿಕೋನ್ ಪದರ. ಅದರ ಮೇಲೆ ನಂದಾ ಪ್ಲಾಸ್ಟರಿನಲ್ಲಿ ಅದ್ದಿದ ತೆಂಗಿನ ನಾರು ಹಾಸುತ್ತಿದ್ದಳು. ಅಚ್ಚಿನ ಈ ಹೊರಚಿಪ್ಪು ಹಿಂದಿನವುಗಳಿಗಿಂತ ಎರಡುಪಟ್ಟು ದಪ್ಪ.

"ಇಷ್ಟ್ಯಾಕ ಬೇ?"

"ಸಿಲಿಕೋನ್ ಮೆತ್ತಗ ಇರತೈತ್ರಿ. ಹೊರಗ ಗಟ್ಟಿ ಚಿಪ್ಪ ಇದ್ರಷ್ಟ ಒಳಗ ಕುತ್ತಿಗಿ ನಿಂದರತೈತಿ. ಹನ್ನೊಂದು ಸಲನೂ ಕುತ್ತಿಗಿನ ಕುಸದು ಗಾಳಿ ಎದಿಗೆ ಹೋಗಿಲ್ಲ."

ನಂದಾ ಕೈ ತೊಳೆಯಲು ನಳದ ಕಡೆ ಹೋದಳು. ಕಾಳವ್ವ ಗುಂಡು ಎತ್ತಿದಳು. ಎಲ್ಲಿ ಹೊಡೆಯಬೇಕೆಂದು ಎಡಗೈಯಿಂದ ಚಿಪ್ಪು ಸವರಿದಳು.

ಅದು ಬೆಚ್ಚಗಿತ್ತು. ಆಗತಾನೆ ಹುಟ್ಟಿದ್ದರ ಬೆನ್ನಿನಷ್ಟು ಬೆಚ್ಚಗೆ.

ಗುಂಡು ನೆಲಕ್ಕೆ ಬಿತ್ತು. ಬಾಗಿಲಲ್ಲಿ ನಂದಾ ನಿಂತಿದ್ದಳು. ಗುಂಡನ್ನೂ ನೋಡಿದಳು, ಅತ್ತೆಯನ್ನೂ.

"ಗಟ್ಟಿ ಆಗೂಮುಂದ ಅದು ಬಿಸಿ ಆಗತೈತ್ರಿ," ಎಂದಳು ಮೆತ್ತಗೆ.

ಹನ್ನೆರಡನೆಯ ಕೂಸು ಅಚ್ಚಿನಿಂದ ಹೊರಬಂದದ್ದು ಶುಕ್ರವಾರ ಬೆಳಗ್ಗೆ. ನಂದಾ ಬಾಯಿಗೆ ಬಾಯಿಟ್ಟು ನೋಡಿ, ಸಲಿಕೆಯ ಬದಲು ಫೋನು ತೆಗೆದುಕೊಂಡಳು. ಗಂಟೆಯೊಳಗೆ ಅಪರಿಚಿತ ಹೆಂಗಸೊಬ್ಬಳು ಚೀಲ ಹಿಡಿದು ಬಂದಳು. ಸೌಭಾಗ್ಯ ಅಂತ ಹೆಸರು ಹೇಳಿದಳು. ಅರುಣಕುಮಾರ ಬೀಗ ಕೈಯಲ್ಲಿ ಹಿಡಿದೇ ಬಾಗಿಲಲ್ಲಿ ನಿಂತಿದ್ದ.

ಸೌಭಾಗ್ಯ ಕೂಸಿನ ಗದ್ದವನ್ನು ಒಂದು ಬೆರಳಿನಿಂದ ತುಸು ಮೇಲೆತ್ತಿದಳು. ರಬ್ಬರಿನ ಬಟ್ಟಲೊಂದನ್ನು ಅದರ ಮೂಗು-ಬಾಯಿಯ ಮೇಲೆ ಕವುಚಿ, ಅದಕ್ಕಂಟಿದ ಗಾಳಿಚೀಲ ಹಿಚುಕಿದಳು. ಎದೆ ಏರಿತು. ಇಳಿಯಿತು. ಮತ್ತೆ ಏರಿತು.

ಕಾಳವ್ವ ಕೇಳಿದಳು: "ಯಾರವ್ವಾ ನೀನು?"

"ನಾ ನರ್ಸ್ ಅದೀನ್ರಿ, ಸೊಸಿ ಹೇಳಿಲ್ಲೇನು? ಹುಟ್ಟಿ ಉಸಿರಾಡದ ಕೂಸಿಗೆ ಉಸಿರು ಕೊಡೂದು ಹೆಂಗಂತ ಊರೂರಿಗೆ ಹೋಗಿ ಇದರ ಮ್ಯಾಲ ಕಲಸೂದೈತ್ರಿ. ಕಲಿಯೋರ ಯಾದಿಯೊಳಗ ನಂದವ್ವ ಮೊದಲನೇ ಹೆಸರು ನಿಮ್ಮದ ಬರಿಸ್ಯಾಳ."