ಹಳದಿ ಕಾರ್ಡಿನ ಗಂಗಾಂಬಿಕಾ

“ಗಂಗಾಂಬಿಕಾ!”

ಆಸ್ಪತ್ರೆಯ ಚೀಟಿ ಕಿಟಕಿಯಿಂದ ಭೀಮರಾಜ ಮೂರನೇ ಸಲ ಕೂಗಿದ. ಯಾರೂ ಏಳಲಿಲ್ಲ. ಬೆಂಚಿನ ತುದಿಯಲ್ಲಿ ಸೆರಗಿನಿಂದ ಕೆನ್ನೆ ಒತ್ತಿ ಹಿಡಿದಿದ್ದ ಮುದುಕಿಯೂ ಎಲ್ಲರಂತೆ ಬಾಗಿಲ ಕಡೆ ನೋಡಿದಳು, ಯಾರು ಬರುತ್ತಾರೋ ಎಂದು. ಆ ಹೆಸರಿನ ಕಾರ್ಡು ತಂದುಕೊಟ್ಟವಳು ಅವಳೇ.

ಭೀಮರಾಜನಿಗೆ ಅನುಮಾನ ಬರಲು ಅಷ್ಟು ಸಾಕಾಯಿತು. ಬಡವರ ಹಳದಿ ರೇಷನ್ ಕಾರ್ಡಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲು ಕೀಳುವುದು ಪುಕ್ಕಟೆ. ಹಾಗಾಗಿ ಒಂದೇ ಕಾರ್ಡು ಇಡೀ ಓಣಿಯ ಹಲ್ಲು ಕೀಳಿಸಿಕೊಂಡು ಬರುವುದೂ ಉಂಟು. ಹೋದ ತಿಂಗಳು ಸತ್ತವನೊಬ್ಬನ ಕಾರ್ಡಿಗೆ ಚೀಟಿ ಬರೆದು ಮೇಲಿನವರಿಂದ ಚೆನ್ನಾಗಿ ಉಗಿಸಿಕೊಂಡಿದ್ದ. ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ.

ಮುದುಕಿಯನ್ನು ಕಿಟಕಿಗೆ ಕರೆದ. ಕಾರ್ಡಿನ ಫೋಟೊ ಎಂದೋ ಮಾಸಿಹೋಗಿತ್ತು; ಅವಳ ಬಾವು ಕಣ್ಣಿನ ಕೆಳಗಿನ ತನಕ ಏರಿತ್ತು. ಮೂರು ದಿನದಿಂದ ನೀರೂ ಇಳಿದಿಲ್ಲ ಎಂದಳು. ಹಲ್ಲಿನ ಡಾಕ್ಟರು ಬರುವುದು ಗುರುವಾರ ಮಾತ್ರ, ಅದೂ ಒಂದು ಗಂಟೆಯ ಬಸ್ಸಿಗೆ ಹೊರಟುಬಿಡುತ್ತಾರೆ. ಇಂದು ತಪ್ಪಿದರೆ ದಾವಣಗೆರೆಯ ಖಾಸಗಿ ದವಾಖಾನೆಯೇ ಗತಿ. ಅದು ಅವಳ ಕೈಗೆ ಎಟುಕುವ ಮಾತಲ್ಲ.

“ಗಂಗಾಂಬಿಕಾ ಅಂದ್ರ ನೀವ ಏನ್ರಿ?”

ಅವಳು ತುಸು ಯೋಚಿಸಿದಳು. ತನ್ನ ಹೆಸರಿಗೆ ಯಾರಾದರೂ ಯೋಚಿಸುತ್ತಾರೆಯೇ?

“ಕಾರ್ಡಿನ್ಯಾಗ ಹಂಗ ಐತಲ್ರಿ.”

ಗಂಡನ ಹೆಸರು ಕೇಳಿದ. ತಲೆ ತಗ್ಗಿಸಿದಳು. ಆ ವಯಸ್ಸಿನವರು ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ, ಅದನ್ನು ಮಾಫಿ ಮಾಡಿದ. ಮನೆಯಲ್ಲಿ ಯಾರಿದ್ದಾರೆ ಎಂದ. ಯಾರೂ ಇಲ್ಲ ಎಂದಳು. ಅದೂ ಅನುಕೂಲದ ಉತ್ತರವೇ. ಇನ್ನು ಯಾರನ್ನು ಹೋಗಿ ವಿಚಾರಿಸುವುದು?

ಅಷ್ಟರಲ್ಲಿ ಸಾಲಿನಲ್ಲಿದ್ದ ಅಂಜಿನಕ್ಕ ಎಂಬಾಕೆ ಮುದುಕಿಗೆ, ಮಾಗಳದಕ್ಕಾ, ಚೂರು ಸರೀರಿ, ನಾನೂ ಚೀಟಿ ಮಾಡಿಸಬೇಕು ಎಂದಳು. ಭೀಮರಾಜ ಅವಳನ್ನೇ ಹಿಡಿದುಕೊಂಡ. ಇವರು ನಿಮಗೆ ಗೊತ್ತೇನು? ಗೊತ್ತಿಲ್ಲದೆ ಏನು, ಕೊಟ್ಟೂರಿನಲ್ಲಿ ಮೂವತ್ತು ವರ್ಷದಿಂದ ಎದುರು ಮನೆಯವರು ಎಂದಳು.

“ಹಂಗಾರ ಗಂಗಾಂಬಿಕಾ ಅಂದ್ರ ಯಾರ್ರಿ?”

ಅಂಜಿನಕ್ಕ ಪಾಪ, ನಿಜವಾಗಿಯೂ ನೆನಪು ಮಾಡಿಕೊಂಡು ನೋಡಿದಳು. “ಅಂಥಾ ಹೆಸರಿನಾಕಿ ನಮ್ಮ ಓಣ್ಯಾಗ ಯಾರೂ ಇಲ್ರಿ.”

ಮುದುಕಿ ಅಲ್ಲಗಳೆಯಲಿಲ್ಲ. ಅಂಜಿನಕ್ಕನ ಮುಖವನ್ನು ಒಮ್ಮೆ ನೋಡಿದಳು, ಅಷ್ಟೇ. ಭೀಮರಾಜ ಕಾರ್ಡು ಇಟ್ಟುಕೊಂಡು ಮುಂದಿನವರನ್ನು ಕರೆದ. ಅವಳು ಹೊರಗೆ ಹೋಗಿ ಬೇವಿನ ಕಟ್ಟೆಯ ಮೇಲೆ ಒಬ್ಬಳೇ ಕೂತಳು. ಅಂಜಿನಕ್ಕ ತನ್ನ ಔಷಧಿ ತೆಗೆದುಕೊಂಡು ಬಸ್ಸು ಹತ್ತಿದಳು.

ಹನ್ನೆರಡೂವರೆಗೆ ಬ್ಯಾಗು ಹಿಡಿದು ಹೊರಬಂದ ಡಾಕ್ಟರ್ ಸಂಘಮಿತ್ರಾ ಆ ಬಾವು ಕಂಡು ನಿಂತರು. ಕೀವು ಮೇಲೇರಿದರೆ ಜೀವಕ್ಕೇ ಕುತ್ತು, ಚೀಟಿ ಆಮೇಲೆ ನೋಡೋಣ ಎಂದು ತಾವೇ ಕೈಹಿಡಿದು ಒಳಗೆ ಕರೆತಂದರು. ಭೀಮರಾಜ ಕಾರ್ಡು ಹಿಡಿದು ಬೆನ್ನಿಗೇ ಹೋದ. ಇದು ಬೇರೆ ಯಾರದ್ದೋ ಕಾರ್ಡು ಮೇಡಂ, ನಾಳೆ ನನ್ನ ತಲೆಗೇ ಬರುತ್ತದೆ ಎಂದು ಗೊಣಗಿದ.

ಸೂಜಿಮದ್ದು ಮೈಗೆ ಒಗ್ಗುತ್ತದೋ ಇಲ್ಲವೋ ಎಂದು ಮೊದಲು ಕೈಗೆ ಒಂದು ತೊಟ್ಟು ಚುಚ್ಚಿ ನೋಡಬೇಕು. ಡಾಕ್ಟರು ಸೆರಗು ಸರಿಸಿ ಅವಳ ಎಡಗೈಯನ್ನು ಅಂಗಾತ ಮಾಡಿದರು. ಮುಂಗೈಯ ಒಳಬದಿಯಲ್ಲಿ ಹಸಿರು ಹಚ್ಚೆ. ಅಕ್ಷರಗಳೂ ಚರ್ಮದ ಜೊತೆ ಸುಕ್ಕಾಗಿದ್ದವು. ಡಾಕ್ಟರು ಅದನ್ನು ಭೀಮರಾಜನಿಗೆ ತೋರಿಸಿದರು. ಅವನು ಬಗ್ಗಿ, ಗಟ್ಟಿಯಾಗಿ ಓದಿದ.

“ಗಂಗಾಂಬಿಕಾ.”

ಮುದುಕಿ ಈ ಸಲವೂ ಬಾಗಿಲ ಕಡೆ ತಿರುಗಿ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡು ಮೆಲ್ಲಗೆ ಹೇಳಿದಳು: “ತವರೂರು ಮಾಗಳ ಅಂತ, ಮದುವಿ ಆಗಿ ಬಂದಾಗಿಂದ ಎಲ್ಲಾರಿಗೂ ಮಾಗಳದಾಕಿನ ಆಗೀನ್ರಿ, ನಮ್ಮವ್ವ ಹೋದ ಮ್ಯಾಲೆ ಈ ಹೆಸರು ಹಿಡದು ನನ್ನ ಯಾರೂ ಕರದಿಲ್ರಿ.”