ತೋಳಮ್ಮನ ಮುಂದೆ

ಹಸಿರು ಬಳೆ ಓಬವ್ವನ ಗೆಣ್ಣಿನ ಮೇಲೆ ಬಿಗಿಯಾಗಿ ಕೂತಿತ್ತು. ಅತ್ತೆ ಉಚ್ಚೆಂಗೆಮ್ಮ ಅದನ್ನು ಮೆಲ್ಲಗೆ ತಿರುವಿ ಏರಿಸುತ್ತಿದ್ದಳು. ಗಂಡ ಸತ್ತವಳಿಗೆ ಉಡಿಕೆ ಮದುವೆ ಮಾಡುವ ಮೊದಲು ಕೆರೆ ಏರಿಯ ತೋಳಮ್ಮನ ಮುಂದೆ ಬಳೆ ತೊಡಿಸುವುದು ಅವರ ಮನೆತನದ ಪದ್ಧತಿ. ತೋಳಮ್ಮನೆಂದರೆ ಕಲ್ಲಿನಲ್ಲಿ ಕಡೆದ, ಮೇಲೆತ್ತಿದ ಒಂದು ಕೈ. ಕೈತುಂಬ ಕಲ್ಲಿನ ಬಳೆ.

"ಅದು ತೋಳಮ್ಮ ಅಲ್ಲ ಬೇ ಯವ್ವಾ, ಮಾಸ್ತಿಕಲ್ಲು," ಎಂದ ಮೈದುನ ಗುತ್ತೆಪ್ಪ. ದಾವಣಗೆರೆಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದವನು. "ಗಂಡನ ಚಿತೆಗೆ ಹಾರಿದೋಳ ಕಲ್ಲು. ಮುತ್ತೈದೆಯಾಗೇ ಸತ್ಲು ಅಂತ ತೋರ್ಸಾಕ ಬಳೆ ಕೆತ್ಯಾರ. ಲೈಬ್ರರಿ ಪುಸ್ತಕದಾಗ ಐತೆ."

ಉಚ್ಚೆಂಗೆಮ್ಮನ ಕೈ ನಿಂತಿತು. ಓಬವ್ವ ಗೆಣ್ಣಿನ ಮೇಲಿದ್ದ ಬಳೆಯನ್ನೇ ನೋಡಿದಳು. ಸತ್ತ ಗಂಡ ಈ ಅತ್ತೆಯ ಹಿರಿಮಗ. ಈಗ ಬಳೆ ಹಿಂದಕ್ಕೆ ಜಾರಿದರೆ ಹತ್ತಿ ಗಿರಣಿಯ ಮಾರಣ್ಣನ ಜೊತೆ ಮಾತಾಗಿದ್ದ ಉಡಿಕೆಯೂ ಅಲ್ಲಿಗೇ ಮುಗಿದಂತೆ. ಅತ್ತೆ ಕಲ್ಲನ್ನು ಹೊಸಬರನ್ನು ನೋಡುವ ಹಾಗೆ ನೋಡಿದಳು.

"ಬೆಂಕಿಗೆ ಬಿದ್ದೋಳಾ?" ಎಂದಳು ಕೊನೆಗೆ. "ಹಂಗಾದ್ರೆ ಸುಡೋದು ಹೆಂಗಂತ ಅಕಿಗೇ ಗೊತ್ತು. ಅದಕ್ಕೇ ಕೈ ಎತ್ತಿ ಬ್ಯಾಡ, ಬ್ಯಾಡ ಅಂತ ನಿಂತಾಳ."

"ಪುಸ್ತಕದಾಗ ಹಂಗೇನಿಲ್ಲ ಯವ್ವಾ."

"ಪುಸ್ತಕ ಬರೆದೋನು ಬೆಂಕಿಗೆ ಬಿದ್ದಿದ್ನೇನಲೇ?"

ಅಷ್ಟಂದವಳೇ ಸೊಸೆಯ ಗೆಣ್ಣನ್ನು ಒತ್ತಿ ಬಳೆ ಏರಿಸಿದಳು. ಓಬವ್ವನಿಗೆ ನೋವಾಯಿತು. ಆದರೂ ಇನ್ನೊಂದು ಕೈಯನ್ನು ತಾನಾಗಿಯೇ ಮುಂದೆ ಚಾಚಿದಳು.